ಬಿನ್ನಹವೂ ಭಿನ್ನಮತವೂ: ೩೭೭ನೆಯ ವಿಧಿಯ ಮೊಕದ್ದಮೆಯ ಬರವಣಿಗೆಗಳು

೧

ಶಾಸನಗಳನ್ನು ಸಾಹಿತ್ಯದ ಕಣ್ಣಿನಿಂದ ಓದುವ ಪದ್ಧತಿ ನಮ್ಮ ವಿದ್ವಾಂಸರಿಗೆ ಹೊಸದಲ್ಲ. ದತ್ತಿಯನ್ನೋ ಎಲ್ಲೆಯನ್ನೋ ವೀರನ ಮರಣವನ್ನೋ ತಿಳಿಸುವುದಕ್ಕಾಗಿ ಹುಟ್ಟಿದ ಬರಹದಲ್ಲಿ, ಅದನ್ನು ಬರೆಯಿಸಿದವರು ಹೇಳಬೇಕೆಂದು ಎಣಿಸದಿದ್ದ ಸಂಗತಿಗಳೂ ಎಷ್ಟೋ ವೇಳೆ ನಮಗೆ ದೊರೆಯುತ್ತವೆ. ಶ್ರವಣಬೆಳಗೊಳದಲ್ಲಿರುವ ೧೩೬೮ನೆಯ ಇಸವಿಯ ಬುಕ್ಕರಾಯನ ಶಾಸನವು ಇದಕ್ಕೆ ಒಳ್ಳೆಯ ನಿದರ್ಶನ. ಜೈನರಿಗೂ ಶ್ರೀವೈಷ್ಣವರಿಗೂ ಒದಗಿದ ವಿವಾದವನ್ನು ಅರಸನು ತೀರಿಸಿ, ಒಬ್ಬರ ಕೈಯನ್ನು ಇನ್ನೊಬ್ಬರ ಕೈಯಲ್ಲಿ ಇರಿಸಿದುದನ್ನು ಅದು ಹೇಳುತ್ತದೆ. ದೂರು ಹೇಳಿಕೊಂಡವರು ಯಾರೆಂಬುದನ್ನೂ ಅದೇ ಕಲ್ಲು ಹೇಳುತ್ತದೆ. ಸಂಧಾನವನ್ನು ಮಾತ್ರ ಕೆತ್ತಿಸಿ ವಿವಾದವನ್ನು ಮರೆಯಿಸಿದ್ದರೆ ಆ ಶಾಸನಕ್ಕೆ ಈಗಿರುವ ಬೆಲೆ ಇರುತ್ತಿರಲಿಲ್ಲ.

ನಮ್ಮ ಕಾಲದಲ್ಲಿ ಶಾಸನದ ಸ್ಥಾನವನ್ನು ಬಹುಮಟ್ಟಿಗೆ ನ್ಯಾಯಸ್ಥಾನದ ಕಾಗದಪತ್ರಗಳು ತೆಗೆದುಕೊಂಡಿವೆ. ಅರ್ಜಿ, ಪ್ರಮಾಣಪತ್ರ, ಪ್ರತ್ಯುತ್ತರ, ತೀರ್ಪು ಇವುಗಳನ್ನು ನ್ಯಾಯವಾದಿಗಳಲ್ಲದೆ ಬೇರೆಯವರು ಓದುವುದು ವಿರಳ. ಓದಿದರೂ ಫಲವನ್ನಷ್ಟೇ ನೋಡುವರು. ಪ್ರಕೃತ ಲೇಖನದಲ್ಲಿ ಇಂಥ ಒಂದು ಕಾಗದಪತ್ರಗಳ ಮಾಲೆಯನ್ನು ಬರವಣಿಗೆಯೆಂಬ ದೃಷ್ಟಿಯಿಂದ ಪರಿಶೀಲಿಸಲಾಗಿದೆ. ಭಾರತ ದಂಡಸಂಹಿತೆಯ ೩೭೭ನೆಯ ವಿಧಿಯನ್ನು ಪ್ರಶ್ನಿಸಿ ೧೯೯೪ರಿಂದ ೨೦೧೮ರವರೆಗೆ ನಡೆದ ಮೊಕದ್ದಮೆಗಳ ಬರವಣಿಗೆಗಳು ನಮ್ಮ ವಿಷಯ. ೧೮೬೦ರಲ್ಲಿ ಬ್ರಿಟಿಷರು ರಚಿಸಿದ ಆ ವಿಧಿಯು ಪ್ರಕೃತಿಕ್ರಮಕ್ಕೆ ವಿರುದ್ಧವೆಂದು ತಾನು ಕರೆದ ಸಂಭೋಗಕ್ಕೆ ಆಜೀವ ಕಾರಾವಾಸದವರೆಗೆ ಶಿಕ್ಷೆಯನ್ನು ವಿಧಿಸಿತ್ತು. ೨೦೧೮ನೆಯ ಸೆಪ್ಟೆಂಬರು ೬ರಂದು ಸುಪ್ರೀಂ ಕೋರ್ಟು ಪ್ರಾಪ್ತವಯಸ್ಕರ ಪರಸ್ಪರ ಸಮ್ಮತಿಯ ಸಂಬಂಧವನ್ನು ಅದರ ಹಿಡಿತದಿಂದ ಬಿಡಿಸಿತು. ೨೦೨೪ನೆಯ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನ್ಯಾಯಸಂಹಿತೆಯಲ್ಲಿ ಆ ವಿಧಿಯೇ ಇಲ್ಲ.

ಈ ಕಥೆಯನ್ನು ಸಾಧಾರಣವಾಗಿ ಒಂದು ಸಮುದಾಯವು ಏಕಕಂಠದಿಂದ ಸರ್ಕಾರದೊಡನೆ ಹೋರಾಡಿ ಗೆದ್ದ ಕಥೆಯೆಂದು ಹೇಳುವ ವಾಡಿಕೆಯಿದೆ. ಕಾಗದಪತ್ರಗಳನ್ನು ಸಾಲಾಗಿ ಇರಿಸಿ ಓದಿದರೆ ತೋರುವುದು ಬೇರೆ. ಕರ್ನಾಟಕದಲ್ಲಿ ‘ಲೈಂಗಿಕ ಅಲ್ಪಸಂಖ್ಯಾತರು’ ಎಂಬ ಹೆಸರು ರೂಢಿಗೆ ಬಂದಿರುವ ಈ ಜನರಲ್ಲಿ ಸಲಿಂಗಾನುರಾಗಿ ಗಂಡಸರು, ಹೆಂಗಸರನ್ನು ಪ್ರೀತಿಸುವ ಹೆಂಗಸರು, ಹಿಜಡಾಗಳು, ಕೋಥಿಗಳು, ಹೆಣ್ಣಾಗಿ ಹುಟ್ಟಿ ಗಂಡಾಗಿ ಬಾಳುವವರು ಎಲ್ಲರೂ ಸೇರಿದ್ದಾರೆ. ಇವರ ಬಡತನ ಸಿರಿತನಗಳು ಒಂದಲ್ಲ, ಓದು ಒಂದಲ್ಲ, ಪೋಲೀಸಿನವರು ಇವರನ್ನು ಕಾಣುವ ರೀತಿಯೂ ಒಂದಲ್ಲ. ಆದಕಾರಣ ಇವರ ಹೆಸರಿನಲ್ಲಿ ಬರೆದ ಮೊದಲನೆಯ ಬಿನ್ನಹವೇ ಇವರೊಳಗೆ ಭಿನ್ನಮತವನ್ನು ಎಬ್ಬಿಸಿತು. ‘ಬಿನ್ನಹ’ವು ವಿಜ್ಞಾಪನ ಶಬ್ದದಿಂದ ಬಂದದ್ದು, ‘ಭಿನ್ನ’ವು ಒಡೆ ಎಂಬ ಅರ್ಥದ ಧಾತುವಿನಿಂದ ಬಂದದ್ದು, ಎರಡಕ್ಕೂ ಹುಟ್ಟಿನ ನಂಟಿಲ್ಲ. ಆದರೆ ಈ ಮೊಕದ್ದಮೆಯಲ್ಲಿ ಇವೆರಡಕ್ಕೂ ಗಾಢವಾದ ನಂಟು ಬೆಳೆಯಿತೆಂಬುದೂ, ಭಿನ್ನಮತವು ಬಿನ್ನಹವನ್ನು ಕೆಡಿಸದೆ ತಿದ್ದಿತೆಂಬುದೂ ನಮ್ಮ ಸಿದ್ಧಾಂತ.

೨

ಮೊದಲು ಪೂರ್ವಕಥೆಯನ್ನು ಸಂಕ್ಷೇಪವಾಗಿ ಹೇಳಬೇಕು. ದೆಹಲಿಯ ಏಡ್ಸ್ ಭೇದಭಾವ ವಿರೋಧಿ ಆಂದೋಲನವೆಂಬ ಸಣ್ಣ ಸಂಘವು ೧೯೯೧ರಲ್ಲಿ ‘ಲೆಸ್ ದ್ಯಾನ್ ಗೇ’ ಎಂಬ ವರದಿಯನ್ನು ಪ್ರಕಟಿಸಿತು. ಭಾರತದಲ್ಲಿ ಸಲಿಂಗಾನುರಾಗಿಗಳ ಸ್ಥಿತಿಯನ್ನು ಹಕ್ಕಿನ ಮಾತಿನಲ್ಲಿ ಹೇಳಿದ ಮೊದಮೊದಲ ಬರವಣಿಗೆಗಳಲ್ಲಿ ಅದೊಂದು. ತಿಹಾರ್ ಸೆರೆಮನೆಯಲ್ಲಿ ಕಾಂಡೋಮುಗಳನ್ನು ಹಂಚಲು ಅಧಿಕಾರಿಗಳು ಒಪ್ಪದಿದ್ದಾಗ, ೧೯೯೪ರಲ್ಲಿ ಅದೇ ಸಂಘವು ೩೭೭ನೆಯ ವಿಧಿಯನ್ನು ಪ್ರಶ್ನಿಸಿ ದೆಹಲಿಯ ಹೈಕೋರ್ಟಿಗೆ ಅರ್ಜಿ ಕೊಟ್ಟಿತು. ಸಂಘವು ಕ್ಷೀಣಿಸಿತು, ಅರ್ಜಿಯನ್ನು ನಡೆಯಿಸುವವರಿಲ್ಲದೆ ೨೦೦೧ರಲ್ಲಿ ಅದು ವಜಾ ಆಯಿತು. ಬಿನ್ನಹವು ಎಷ್ಟೇ ಧೀರವಾಗಿದ್ದರೂ ಅದರ ಹಿಂದೆ ಜನವಿಲ್ಲದಿದ್ದರೆ ಬಾಳಲಾರದೆಂಬ ಪಾಠವನ್ನು ಇದರಿಂದ ಕಲಿಯಬಹುದಾಗಿತ್ತು.

ಅದೇ ೨೦೦೧ನೆಯ ಇಸವಿಯಲ್ಲಿ, ಏಡ್ಸ್ ರೋಗವನ್ನು ತಡೆಯುವ ಕೆಲಸದಲ್ಲಿ ತೊಡಗಿದ್ದ ದೆಹಲಿಯ ನಾಜ್ ಫೌಂಡೇಷನ್ ಎಂಬ ಸಂಸ್ಥೆಯು ಲಾಯರ್ಸ್ ಕಲೆಕ್ಟಿವ್ ಎಂಬ ವಕೀಲರ ಸಂಘದ ನೆರವಿನಿಂದ ಹೊಸ ಅರ್ಜಿಯನ್ನು ಸಲ್ಲಿಸಿತು. ಇದು ವಿಧಿಯನ್ನು ತೆಗೆದುಹಾಕಬೇಕೆಂದು ಕೇಳಲಿಲ್ಲ. ಪ್ರಾಪ್ತವಯಸ್ಕರು ಒಪ್ಪಿ ಏಕಾಂತದಲ್ಲಿ ನಡೆಯಿಸುವ ವರ್ತನೆಗೆ ಆ ವಿಧಿ ತಗುಲಬಾರದೆಂದು ಅರ್ಥವನ್ನು ಕುಗ್ಗಿಸಿ ಓದಬೇಕೆಂದು ಕೇಳಿತು. ಸಂವಿಧಾನದ ಸಮಾನತೆಯ ಅನುಚ್ಛೇದಗಳನ್ನು ಅದು ಉಲ್ಲೇಖಿಸದೆ ಇರಲಿಲ್ಲ; ಆದರೆ ವಾದದ ಭಾರವು ಆರೋಗ್ಯದ ಮೇಲೆಯೂ ಏಕಾಂತದ ಹಕ್ಕಿನ ಮೇಲೆಯೂ ಬಿದ್ದಿತ್ತು. ಶಿಕ್ಷೆಯ ಹೆದರಿಕೆಯಿಂದ ಈ ಜನ ಅಡಗಿ ಬಾಳುವರು. ಅಡಗಿ ಬಾಳುವವರಿಗೆ ಔಷಧವೂ ತಿಳಿವಳಿಕೆಯೂ ಮುಟ್ಟವು. ಆದುದರಿಂದ ಈ ವಿಧಿ ಸಮಸ್ತ ಪ್ರಜೆಗಳ ಆರೋಗ್ಯಕ್ಕೆ ಕುಂದು, ಎಂಬುದು ಅದರ ಸರಣಿ.

ತಂತ್ರದ ದೃಷ್ಟಿಯಿಂದ ಇದು ಬುದ್ಧಿವಂತಿಕೆಯ ಬರವಣಿಗೆ. ಸರ್ಕಾರವೇ ಅಂಗೀಕರಿಸಿರುವ ಏಡ್ಸ್ ನಿಯಂತ್ರಣದ ಧ್ಯೇಯವನ್ನು ಮುಂದಿಟ್ಟು, ಅತ್ಯಲ್ಪವನ್ನು ಕೇಳಿ, ನ್ಯಾಯಾಧೀಶರಿಗೆ ಹೌದೆನ್ನಲು ದಾರಿಯನ್ನು ಸುಗಮ ಮಾಡಿಕೊಡುತ್ತದೆ. ಆದರೆ ವ್ಯಾಕರಣದ ದೃಷ್ಟಿಯಿಂದ ನೋಡಿದರೆ ಇದು ಪ್ರಥಮಪುರುಷದ ಬರವಣಿಗೆ. ‘ಅವರು’ ಅಡಗುವರು, ‘ಅವರಿಗೆ’ ರೋಗ ತಗಲುವುದು, ‘ಅವರಿಗಾಗಿ’ ನಾವು ಕೆಲಸ ಮಾಡುವೆವು. ಉತ್ತಮಪುರುಷದಲ್ಲಿ ಮಾತಾಡುವುದು ಸಂಸ್ಥೆ ಮಾತ್ರ. ಯಾರ ಬಾಳಿನ ಪ್ರಶ್ನೆಯೋ ಅವರು ವಾಕ್ಯದಲ್ಲಿ ಕರ್ಮವಾಗಿ ಬರುತ್ತಾರೆ, ಕರ್ತೃವಾಗಿ ಬರುವುದಿಲ್ಲ.

೩

ಅರ್ಜಿಯ ಸುದ್ದಿ ಹರಡಿದಾಗ ಇತರ ಸಂಘಗಳಲ್ಲಿ ಅಸಮಾಧಾನವುಂಟಾಯಿತು. ಆಕ್ಷೇಪಣೆಗಳು ಮುಖ್ಯವಾಗಿ ಮೂರು.

ಮೊದಲನೆಯದು, ಕೇಳದೆ ಮಾಡಿದರೆಂಬುದು. ದೇಶದ ಎಲ್ಲೆಡೆಯ ಜನರ ಬಾಳನ್ನು ಮುಟ್ಟುವ ಅರ್ಜಿಯನ್ನು ದೆಹಲಿಯ ಒಂದು ಸಂಸ್ಥೆ, ಬೇರೆ ಊರುಗಳವರೊಡನೆ ಸಾಕಷ್ಟು ಸಮಾಲೋಚಿಸದೆ ಸಲ್ಲಿಸಬಹುದೆ? ಸೋತರೆ ಸೋಲು ಎಲ್ಲರದೂ ಆಗುತ್ತದೆ. ಎರಡನೆಯದು, ಏಕಾಂತವೆಂಬ ಮಾತಿನ ಮೇಲೆ. ಬಾಗಿಲು ಹಾಕಿಕೊಳ್ಳುವುದಕ್ಕೆ ಸ್ವಂತದ ಕೋಣೆಯುಳ್ಳವನಿಗೆ ಏಕಾಂತವು ರಕ್ಷೆ. ಉದ್ಯಾನ, ರೈಲ್ವೆ ನಿಲ್ದಾಣ, ರಸ್ತೆಯ ಅಂಚು ಇವುಗಳಲ್ಲದೆ ಬೇರೆ ಎಡೆಯಿಲ್ಲದ ಬಡ ಕೋಥಿಗೂ ಬೀದಿಯಲ್ಲೇ ಜೀವನೋಪಾಯವನ್ನು ಹುಡುಕಬೇಕಾದ ಹಿಜಡಾಳಿಗೂ ಅದರಿಂದ ಏನು ಬಂತು? ಪೋಲೀಸಿನವರ ಲಾಠಿ ಬೀಳುವುದು ಇಂಥವರ ಮೇಲೆಯೇ ಹೊರತು ಕೋಣೆಯೊಳಗಿರುವವರ ಮೇಲೆ ಅಲ್ಲ. ಮೂರನೆಯದು, ರೋಗದ ಚೌಕಟ್ಟಿನ ಮೇಲೆ. ಏಡ್ಸಿನ ವಾದವೇ ಪ್ರಧಾನವಾದರೆ ಹೆಂಗಸರನ್ನು ಪ್ರೀತಿಸುವ ಹೆಂಗಸರಿಗೆ ಅದರಲ್ಲಿ ಎಡೆಯೇ ಇಲ್ಲ. ಗಂಡಸರಿಗೂ ರೋಗಿಗಳೆಂಬ ಎಡೆ ಮಾತ್ರ.

ಅರ್ಜಿಯವರ ಪಕ್ಷದಲ್ಲಿಯೂ ಹೇಳತಕ್ಕದ್ದಿತ್ತು. ಎಲ್ಲರೂ ಒಪ್ಪುವವರೆಗೆ ಕಾದರೆ ಯಾವ ಅರ್ಜಿಯೂ ಎಂದಿಗೂ ಹೊರಡಲಾರದು. ೨೦೦೧ನೆಯ ಜುಲೈಯಲ್ಲಿ ಲಖನೌ ಪಟ್ಟಣದಲ್ಲಿ ಏಡ್ಸ್ ತಡೆಯುವ ಕೆಲಸ ಮಾಡುತ್ತಿದ್ದವರನ್ನೇ ಪೋಲೀಸಿನವರು ಇದೇ ವಿಧಿಯ ಹೆಸರು ಹೇಳಿ ಸೆರೆ ಹಿಡಿದಿದ್ದರು, ಕಾಲಹರಣಕ್ಕೆ ಅವಕಾಶವಿರಲಿಲ್ಲ. ಹೆಚ್ಚು ಕೇಳಿದರೆ ಏನೂ ಸಿಕ್ಕದೆ ಹೋಗಬಹುದೆಂಬ ಅಂಜಿಕೆಯೂ ನಿರಾಧಾರವಾದುದಲ್ಲ. ಎರಡು ಪಕ್ಷಗಳ ಮಾತಿನಲ್ಲಿಯೂ ತಿರುಳಿದೆಯೆಂದು ನಿಷ್ಪಕ್ಷಪಾತಿಗಳಾದ ವಾಚಕರು ಒಪ್ಪುವರು.

ಇದಾದಮೇಲೆ ನಡೆದ ಒಂದು ಸಂಗತಿಯು ವಿಶೇಷ ಗಮನಕ್ಕೆ ಅರ್ಹವಾಗಿದೆ. ೨೦೦೪ನೆಯ ಸೆಪ್ಟೆಂಬರಿನಲ್ಲಿ ದೆಹಲಿಯ ಹೈಕೋರ್ಟು ಅರ್ಜಿಯನ್ನು ತಳ್ಳಿಹಾಕಿತು. ಕಾರಣವೇನೆಂದರೆ, ಈ ವಿಧಿಯಿಂದ ಅರ್ಜಿದಾರ ಸಂಸ್ಥೆಗೆ ಸ್ವತಃ ಬಾಧೆಯಾಗಿಲ್ಲ, ಆದುದರಿಂದ ಪ್ರಶ್ನೆಯು ಬರಿಯ ತಾತ್ವಿಕವಾದದ್ದು ಎಂಬುದು. ‘ನೀವು ಯಾರ ಪರವಾಗಿ ಮಾತಾಡುತ್ತೀರಿ?’ ಎಂದು ಒಳಗಿನ ಆಕ್ಷೇಪಕರು ಸ್ನೇಹದ ಹಕ್ಕಿನಿಂದ ಕೇಳಿದ್ದ ಪ್ರಶ್ನೆಯನ್ನೇ ನ್ಯಾಯಸ್ಥಾನವು ಕಾನೂನಿನ ಮಾತಿನಲ್ಲಿ ಕೇಳಿದಂತಾಯಿತು. ಒಳಗಿನವರ ಟೀಕೆಯನ್ನು ಮನೆಮುರುಕುತನವೆಂದು ಬಗೆಯುವವರು ಇದನ್ನು ಆಲೋಚಿಸಬೇಕು. ಬರವಣಿಗೆಯ ದುರ್ಬಲಸ್ಥಾನ ಎಲ್ಲಿದೆಯೆಂಬುದನ್ನು ಎದುರಾಳಿಗಿಂತ ಮೊದಲು ತೋರಿಸಿದವರು ಮನೆಯವರೇ. ೨೦೦೬ನೆಯ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು, ವಿಷಯವು ವಿಚಾರಣೆಗೆ ಅರ್ಹವೆಂದು ಹೇಳಿ ಅರ್ಜಿಯನ್ನು ಹೈಕೋರ್ಟಿಗೆ ಹಿಂದಿರುಗಿಸಿತು.

೪

ಭಿನ್ನಮತದವರಿಗೆ ಆಗ ಮೂರು ದಾರಿಗಳಿದ್ದುವು. ಮುನಿದು ಸುಮ್ಮನಿರಬಹುದಾಗಿತ್ತು; ಅರ್ಜಿಯನ್ನು ಹಿಂದಕ್ಕೆ ತೆಗೆದುಕೊಳ್ಳಿರೆಂದು ಹಟ ಹಿಡಿಯಬಹುದಾಗಿತ್ತು; ಇಲ್ಲವೆ ಅದೇ ಪಕ್ಷದಲ್ಲಿ ನಿಂತು ತಮ್ಮ ಮಾತನ್ನು ತಾವೇ ಬರೆಯಬಹುದಾಗಿತ್ತು. ಅವರು ಆರಿಸಿಕೊಂಡದ್ದು ಮೂರನೆಯ ದಾರಿ. ‘ವಾಯ್ಸಸ್ ಅಗೇನ್ಸ್ಟ್ ೩೭೭’ ಎಂಬ ಒಕ್ಕೂಟವು ೨೦೦೬ರಲ್ಲಿ ಮೊಕದ್ದಮೆಯೊಳಗೆ ಪ್ರವೇಶಿಸಿತು. ಹನ್ನೆರಡು ಸಂಘಗಳು ಇದರಲ್ಲಿದ್ದುವು. ಸ್ತ್ರೀಯರ ಹಕ್ಕು, ಮಕ್ಕಳ ಹಕ್ಕು, ಆರೋಗ್ಯ, ಮಾನವಹಕ್ಕು, ಸಲಿಂಗಾನುರಾಗಿಗಳ ಹಕ್ಕು ಇವು ಆ ಸಂಘಗಳ ಉದ್ದೇಶಗಳು.

ಈ ಕೂಟದ ರಚನೆಯೇ ಒಂದು ವಾದವಾಗಿದೆಯೆಂಬುದನ್ನು ಗಮನಿಸಬೇಕು. ಮಕ್ಕಳ ಮೇಲಣ ಅತ್ಯಾಚಾರವನ್ನು ಶಿಕ್ಷಿಸುವುದಕ್ಕೆ ಈ ವಿಧಿ ಬೇಕೇಬೇಕೆಂಬುದು ಸರ್ಕಾರದ ಮುಖ್ಯವಾದ ಸಮರ್ಥನೆಗಳಲ್ಲೊಂದು. ಮಕ್ಕಳ ಹಕ್ಕಿಗಾಗಿ ದುಡಿಯುವ ಸಂಘವೇ ಎದುರು ನಿಂತು ‘ನಮ್ಮ ಹೆಸರು ಹೇಳಿ ಇವರನ್ನು ಹಿಂಸಿಸಬೇಡಿರಿ’ ಎಂದಾಗ, ಆ ಸಮರ್ಥನೆಗೆ ಬೇರೆ ಉತ್ತರವನ್ನು ಬರೆಯಬೇಕಾಗಲಿಲ್ಲ. ಸ್ತ್ರೀಸಂಘಗಳ ಸಹಿಯೂ ಹಾಗೆಯೇ. ಮೊದಲನೆಯ ಅರ್ಜಿಯಲ್ಲಿ ಕಾಣದೆ ಹೋಗಿದ್ದ ಹೆಂಗಸರು ಎರಡನೆಯದರಲ್ಲಿ ಸಹಿಯ ಸ್ಥಾನಕ್ಕೇ ಬಂದರು.

ವಿಷಯದಲ್ಲಿಯೂ ಎರಡನೆಯ ಬರವಣಿಗೆ ಬೇರೆ. ಆರೋಗ್ಯಕ್ಕಿಂತ ಘನತೆಗೂ ಸಮಾನತೆಗೂ ಅದು ಹೆಚ್ಚು ಒತ್ತು ಕೊಟ್ಟಿತು. ಸಾಮಾನ್ಯೋಕ್ತಿಗಳ ಜಾಗದಲ್ಲಿ ನಡೆದ ಸಂಗತಿಗಳನ್ನು ಇಟ್ಟಿತು: ಪ್ರಮಾಣಪತ್ರಗಳು, ಪೋಲೀಸು ವರದಿಗಳು, ಹಿಂದಿನ ತೀರ್ಪುಗಳು. ಈ ಬಗೆಯ ದಾಖಲೆಯ ಕೆಲಸದಲ್ಲಿ ಬೆಂಗಳೂರಿಗೆ ಮಾನ್ಯವಾದ ಪಾಲುಂಟು. ಪೌರಸ್ವಾತಂತ್ರ್ಯಕ್ಕಾಗಿ ಏರ್ಪಟ್ಟ ಪಿ.ಯು.ಸಿ.ಎಲ್. ಸಂಸ್ಥೆಯ ಕರ್ನಾಟಕ ಶಾಖೆಯು ೨೦೦೧ರಲ್ಲಿ ಲೈಂಗಿಕ ಅಲ್ಪಸಂಖ್ಯಾತರ ಮೇಲಣ ಹಕ್ಕುಚ್ಯುತಿಯನ್ನು ಕುರಿತೂ, ೨೦೦೩ರಲ್ಲಿ ಬೆಂಗಳೂರಿನ ಕೋಥಿ ಮತ್ತು ಹಿಜಡಾ ಲೈಂಗಿಕ ಕಾರ್ಯಕರ್ತೆಯರ ಸ್ಥಿತಿಯನ್ನು ಕುರಿತೂ ವರದಿಗಳನ್ನು ಪ್ರಕಟಿಸಿತ್ತು. ೧೯೯೯ರಲ್ಲಿ ಇದೇ ಊರಿನಲ್ಲಿ ಪ್ರಾರಂಭವಾದ ‘ಸಂಗಮ’ ಸಂಸ್ಥೆಯೂ ಬೀದಿಯಲ್ಲಿ ಬಾಳುವವರ ನಡುವೆಯೇ ಕೆಲಸ ಮಾಡುತ್ತಿತ್ತು. ಏಕಾಂತದ ವಾದವು ಸಾಲದೆಂಬ ಅರಿವು ಈ ಊರಿಗೆ ಪುಸ್ತಕದಿಂದ ಬಂದದ್ದಲ್ಲ. ಕಬ್ಬನ್ ಪಾರ್ಕಿನಿಂದಲೂ ಪೋಲೀಸು ಠಾಣೆಗಳಿಂದಲೂ ಬಂದದ್ದು.

೫

೨೦೦೯ನೆಯ ಜುಲೈ ೨ರಂದು ಮುಖ್ಯ ನ್ಯಾಯಾಧೀಶರಾದ ಎ. ಪಿ. ಷಾ ಅವರೂ ನ್ಯಾಯಾಧೀಶರಾದ ಎಸ್. ಮುರಳೀಧರ ಅವರೂ ಕೊಟ್ಟ ತೀರ್ಪನ್ನು ಈ ಎರಡು ಬರವಣಿಗೆಗಳ ಸಂಗಮವೆನ್ನಬಹುದು. ಆರೋಗ್ಯದ ವಾದವೂ ಏಕಾಂತದ ವಾದವೂ ಮೊದಲನೆಯದರಿಂದ ಬಂದುವು. ಘನತೆ, ಸಮಾನತೆ, ಹಿಂಸೆಯ ನಿದರ್ಶನಗಳು ಇವು ಬಹುಮಟ್ಟಿಗೆ ಎರಡನೆಯದರಿಂದ ಬಂದುವು. ಜನಾಭಿಪ್ರಾಯದ ನೀತಿ ಬೇರೆ, ಸಂವಿಧಾನದ ನೀತಿ ಬೇರೆ ಎಂದು ಡಾಕ್ಟರ್ ಅಂಬೇಡ್ಕರರ ಮಾತಿನ ಆಧಾರದಿಂದ ವಿವೇಚಿಸಿರುವ ಭಾಗವು ಗಂಭೀರವಾಗಿದೆ. ಏಡ್ಸಿನ ಚೌಕಟ್ಟು ಮಾತ್ರವೇ ಇದ್ದಿದ್ದರೆ ಆ ಎತ್ತರಕ್ಕೆ ಏರಲು ತೀರ್ಪಿಗೆ ಮೆಟ್ಟಿಲು ಸಿಕ್ಕುತ್ತಿರಲಿಲ್ಲವೆಂದು ನಮಗೆ ತೋರುತ್ತದೆ.

ಹೀಗೆ ಗುಣವನ್ನು ಒಪ್ಪಿದಮೇಲೆ ದೋಷವನ್ನೂ ಹೇಳಬೇಕು. ತೀರ್ಪಿನಲ್ಲಿ ಹಿಂಸೆಯ ನಿದರ್ಶನವಾಗಿ ೨೦೦೪ರ ಬೆಂಗಳೂರಿನ ಒಂದು ಘಟನೆಯ ಉಲ್ಲೇಖವಿದೆ. ಹೆಣ್ಣುಡುಗೆಯಲ್ಲಿ ಸಾರ್ವಜನಿಕ ಸ್ಥಳದಲ್ಲಿದ್ದ ಒಬ್ಬ ಹಿಜಡಾಳ ಮೇಲೆ ಪುಂಡರ ಗುಂಪು ಅತ್ಯಾಚಾರವೆಸಗಿತು. ಅನಂತರ ಆಕೆಯನ್ನು ಠಾಣೆಗೆ ಒಯ್ದು ಬೆತ್ತಲೆ ಮಾಡಿ, ಕಿಟಕಿಗೆ ಬೇಡಿಯಿಂದ ಬಿಗಿದು ಹಿಂಸಿಸಿದರು. ಈ ಸಂಗತಿಯನ್ನು ಹೇಳುವಾಗ ತೀರ್ಪಿನ ಇಂಗ್ಲಿಷು ಆಕೆಯನ್ನು ಪುಲ್ಲಿಂಗದ ಸರ್ವನಾಮದಿಂದ ನಿರ್ದೇಶಿಸಿದೆ. ನ್ಯಾಯಾಧೀಶರ ಕನಿಕರದಲ್ಲಿ ಸಂದೇಹವಿಲ್ಲ; ಆದರೆ ಆಕೆಯ ನೋವು ತೀರ್ಪಿನೊಳಕ್ಕೆ ಬಂದಷ್ಟು ಸಲೀಸಾಗಿ ಆಕೆಯ ಹೆಣ್ತನವು ಬರಲಿಲ್ಲ. ನಮ್ಮ ಭಾಷೆಯ ‘ಅವರು’ ಎಂಬ ಗೌರವಸೂಚಕವು ಇಂಥ ಕಡೆ ತಪ್ಪನ್ನು ತಪ್ಪಿಸುತ್ತದೆಂದು ಹಿಗ್ಗಬೇಕಾದುದೂ ಇಲ್ಲ. ಅದು ತಪ್ಪನ್ನು ತಪ್ಪಿಸುವಂತೆಯೇ ಪ್ರಶ್ನೆಯನ್ನೂ ತಪ್ಪಿಸುತ್ತದೆ.

ಎರಡನೆಯ ದೋಷವು ಇನ್ನೂ ಆಳವಾದದ್ದು. ತೀರ್ಪಿನ ಅಂತಿಮ ಘೋಷಣೆಯು ಪ್ರಾಪ್ತವಯಸ್ಕರ ಸಮ್ಮತಿಯುಳ್ಳ ‘ಏಕಾಂತದ’ ವರ್ತನೆಯನ್ನು ಮಾತ್ರ ಬಿಡಿಸಿತು. ಬೆಂಗಳೂರಿನ ಆ ಹಿಜಡಾಳಿಗೆ ಕೇಡು ಒದಗಿದ್ದು ಏಕಾಂತದಲ್ಲಿ ಅಲ್ಲ. ಯಾರ ಸಂಕಟವು ವಾದಕ್ಕೆ ಸಾಕ್ಷಿಯಾಯಿತೋ ಆಕೆಯ ಬಾಳು ಪರಿಹಾರದ ಮಾತಿನ ಹೊರಗೇ ಉಳಿಯಿತು. ಏಕಾಂತವೆಂಬುದು ಸ್ಥಳಕ್ಕಲ್ಲ, ವ್ಯಕ್ತಿಗೆ ಸೇರಿದ ಹಕ್ಕೆಂಬ ಅಭಿಪ್ರಾಯವು ತೀರ್ಪಿನ ಒಡಲಿನಲ್ಲಿಯೇ ಇದೆ. ಆದರೆ ಅದು ಘೋಷಣೆಯವರೆಗೆ ಬರಲಿಲ್ಲ. ಎರಡನೆಯ ಬರವಣಿಗೆ ಕಾರಣಗಳನ್ನು ಒದಗಿಸಿತು, ಮೊದಲನೆಯದು ಫಲವನ್ನು ನಿಶ್ಚಯಿಸಿತು, ಎಂದು ಹೇಳಿದರೆ ತಪ್ಪಾಗಲಾರದು.

ಇದು ಬರಿಯ ಮಾತಿನ ಸೂಕ್ಷ್ಮವಲ್ಲ. ೧೮೭೧ರ ಅಪರಾಧಿ ಬುಡಕಟ್ಟುಗಳ ಕಾನೂನು ಹಿಜಡಾಗಳ ಹೆಸರುಗಳನ್ನು ಪಟ್ಟಿ ಮಾಡಿ ಕಾಯುವುದಕ್ಕೆ ಅಧಿಕಾರಿಗಳಿಗೆ ಅವಕಾಶ ಕೊಟ್ಟಿತ್ತು. ದೆಹಲಿಯ ತೀರ್ಪು ಬಂದ ಎರಡು ವರ್ಷಕ್ಕೆ, ೨೦೧೧ರಲ್ಲಿ, ಕರ್ನಾಟಕ ಪೋಲೀಸು ಕಾನೂನಿಗೆ ೩೬ಎ ಎಂಬ ವಿಧಿಯೊಂದು ಸೇರಿ, ಅದೇ ಬಗೆಯ ಪಟ್ಟಿಗೆ ಮತ್ತೆ ದಾರಿ ಮಾಡಿತು. ಲೈಂಗಿಕ ಅಲ್ಪಸಂಖ್ಯಾತರ ಸಂಘಗಳು ಹೋರಾಡಿದ ಬಳಿಕ ೨೦೧೬ರಲ್ಲಿ ಅದರಿಂದ ಹಿಜಡಾಗಳನ್ನು ಸೂಚಿಸುವ ಪದವನ್ನು ತೆಗೆಯಲಾಯಿತು. ಬೀದಿಯಲ್ಲಿ ಬಾಳುವವರ ಆಕ್ಷೇಪಣೆ ಎಷ್ಟು ದೂರದೃಷ್ಟಿಯದಾಗಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

೬

ಅನಂತರದ ಕಥೆಯಲ್ಲಿಯೂ ಇದೇ ಎಳೆಯನ್ನು ಹಿಡಿದು ಹೋಗಬಹುದು. ೨೦೧೩ನೆಯ ಡಿಸೆಂಬರು ೧೧ರಂದು ಸುಪ್ರೀಂ ಕೋರ್ಟು ದೆಹಲಿಯ ತೀರ್ಪನ್ನು ರದ್ದುಪಡಿಸಿತು. ಈ ಜನರು ದೇಶದ ಅತ್ಯಲ್ಪ ಭಾಗವೆಂದೂ, ನೂರೈವತ್ತು ವರ್ಷಗಳಲ್ಲಿ ಇನ್ನೂರಕ್ಕೂ ಕಡಮೆ ಜನರ ಮೇಲೆ ಮೊಕದ್ದಮೆ ನಡೆದಿದೆಯೆಂದೂ, ಹಿಂಸೆಯ ವಿವರಗಳನ್ನು ನಾಜ್ ಸಂಸ್ಥೆಯು ಒದಗಿಸಲಿಲ್ಲವೆಂದೂ ಅದು ಹೇಳಿತು. ಆ ವೇಳೆಗೆ ಒಕ್ಕೂಟವು ಒದಗಿಸಿದ್ದ ವಿವರಗಳು ಕಡತದಲ್ಲಿದ್ದುವು. ಸಲಿಂಗಾನುರಾಗಿಗಳ ತಂದೆತಾಯಿಗಳೂ, ಬೆಂಗಳೂರಿನ ಡಾಕ್ಟರ್ ಶೇಖರ್ ಶೇಷಾದ್ರಿಯವರೇ ಮೊದಲಾದ ಮನೋವೈದ್ಯರೂ ತಮ್ಮ ತಮ್ಮ ಹೆಸರಿನಲ್ಲಿ ಬೇರೆ ಬೇರೆ ಅರಿಕೆಗಳನ್ನು ಸಲ್ಲಿಸಿದ್ದರು. ಕೇಳಲೊಲ್ಲದ ಕಿವಿಗೆ ಎಷ್ಟು ಸ್ವರಗಳಾದರೇನು ಎಂದು ನಿರಾಶೆಗೊಳ್ಳುವುದು ಸಹಜ. ಆದರೆ ‘ವಿವರವಿಲ್ಲ’ ಎಂಬ ಆ ಮಾತೇ ಮುಂದಿನ ಬರವಣಿಗೆಯ ರೂಪವನ್ನು ನಿರ್ಣಯಿಸಿತು.

೨೦೧೬ರಲ್ಲಿ ನೃತ್ಯಕಲಾವಿದರಾದ ನವತೇಜ್ ಸಿಂಗ್ ಜೋಹರ್ ಅವರೂ ಇನ್ನು ನಾಲ್ವರೂ ಸುಪ್ರೀಂ ಕೋರ್ಟಿಗೆ ಹೊಸ ಅರ್ಜಿಯನ್ನು ಕೊಟ್ಟರು. ಈ ಮಾಲೆಯಲ್ಲಿ ಮೊದಲಬಾರಿಗೆ ಬರವಣಿಗೆಯು ಉತ್ತಮಪುರುಷಕ್ಕೆ ಬಂದಿತು. ‘ಅವರು’ ಹೋಗಿ ‘ನಾವು’ ಬಂದಿತು. ಬಾಧೆಪಟ್ಟವರು ಯಾರು ಎಂದು ೨೦೦೪ರಲ್ಲಿ ಎದ್ದ ಪ್ರಶ್ನೆಗೆ ಇದು ನೇರವಾದ ಉತ್ತರ. ಆದರೆ ಈ ಐವರೂ ತಮ್ಮ ವೃತ್ತಿಗಳಲ್ಲಿ ಹೆಸರಾದವರು. ಇವರ ‘ನಾವು’ ಎಲ್ಲರ ‘ನಾವು’ ಆಗಬಲ್ಲುದೆ ಎಂಬ ಹಳೆಯ ಶಂಕೆ ಮತ್ತೆ ತಲೆದೋರಿತು. ಅದೇ ವರ್ಷ ಬೆಂಗಳೂರಿನ ಅಕ್ಕಯ್ ಪದ್ಮಶಾಲಿಯವರೂ ಇನ್ನಿಬ್ಬರೂ ಬೇರೊಂದು ಅರ್ಜಿಯನ್ನು ಸಲ್ಲಿಸಿದರು. ಮೊದಲನೆಯವರನ್ನು ಅಲ್ಲಗಳೆಯದೆ, ಅವರ ಮಾತಿನಲ್ಲಿ ತಮ್ಮದು ಅಡಗಿದೆಯೆಂದು ಸುಮ್ಮನೆಯೂ ಇರದೆ, ಲಿಂಗಾಂತರಿಗಳು ತಮ್ಮ ‘ನಾವು’ ಎಂಬುದನ್ನು ತಾವೇ ಬರೆದರು. ಹತ್ತು ವರ್ಷಗಳ ಹಿಂದೆ ಒಕ್ಕ​ೂಟದವರು ಹಿಡಿದ ದಾರಿಯನ್ನೇ ಇವರು ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಒಯ್ದರೆನ್ನಬಹುದು.

ಫಲವು ೨೦೧೮ರ ತೀರ್ಪಿನಲ್ಲಿ ಕಾಣುತ್ತದೆ. ಐವರು ನ್ಯಾಯಾಧೀಶರ ಪೀಠದಲ್ಲಿ ನ್ಯಾಯಾಧೀಶರಾದ ಡಿ. ವೈ. ಚಂದ್ರಚೂಡರು ಬರೆದ ಅಭಿಪ್ರಾಯದಲ್ಲಿ ಒಂದು ಭಾಗವು ನಮ್ಮ ವಿಷಯಕ್ಕೆ ಅತ್ಯಂತ ಮುಖ್ಯವಾದದ್ದು. ಲೈಂಗಿಕ ಅಲ್ಪಸಂಖ್ಯಾತರು ಸಾರ್ವಜನಿಕ ಸ್ಥಳಗಳಲ್ಲಿ ಹಿಂಸೆಗೆ ಗುರಿಯಾಗುವರೆಂಬುದನ್ನು ಅವರು ಒಪ್ಪಿ, ಏಕಾಂತದ ಹಕ್ಕಿನಲ್ಲಿ ಅಂಥ ಸ್ಥಳಗಳಲ್ಲಿಯೂ ಸರ್ಕಾರದ ತೊಡಕಿಲ್ಲದೆ ತಮ್ಮ ಇಚ್ಛೆಯಂತೆ ನಡೆದಾಡುವ ಹಕ್ಕೂ ಸೇರಿರಬೇಕೆಂದು ಹೇಳಿದ್ದಾರೆ. ಮೊದಲನೆಯ ಅರ್ಜಿಯ ವಿಷಯದಲ್ಲಿ ಕೋಣೆಯಿಲ್ಲದವರು ಎತ್ತಿದ ಆಕ್ಷೇಪಣೆ, ಸುಮಾರು ಹದಿನೇಳು ವರ್ಷಗಳ ತರುವಾಯ, ದೇಶದ ಅತ್ಯುಚ್ಚ ನ್ಯಾಯಸ್ಥಾನದ ಪುಟಗಳಲ್ಲಿ ಸ್ಥಾನ ಪಡೆಯಿತು. ಅಂದು ಒಗ್ಗಟ್ಟಿನ ಹೆಸರಿನಲ್ಲಿ ಆ ಆಕ್ಷೇಪಣೆಯನ್ನು ಅಡಗಿಸಿದ್ದರೆ ಅದು ಅಲ್ಲಿಯವರೆಗೆ ಬರುತ್ತಿತ್ತೆ?

೭

ನಮ್ಮ ಸಿದ್ಧಾಂತಕ್ಕೆ ಬರಬಹುದಾದ ಎರಡು ಪ್ರತ್ಯಾಕ್ಷೇಪಗಳನ್ನು ಪರಿಶೀಲಿಸಿ ಲೇಖನವನ್ನು ಮುಗಿಸುವೆವು.

ಮೊದಲನೆಯದು, ಮನೆಯ ಜಗಳವನ್ನು ಬೀದಿಗೆ ತಂದರೆ ಎದುರಾಳಿಗೆ ಆಯುಧ ಕೊಟ್ಟಂತಾಗುವುದೆಂಬುದು. ಹಿಂಸೆಗೆ ಸಿಲುಕಿದ ಜನರ ವಿಷಯದಲ್ಲಿ ಈ ಅಂಜಿಕೆ ಹಗುರವಾದುದಲ್ಲ. ಆದರೆ ಈ ಮೊಕದ್ದಮೆಯ ಮಟ್ಟಿಗೆ ನೋಡಿದರೆ, ಮಾತು ಒಡೆದು ಕಾಣಿಸಿದ್ದು ಹೆಚ್ಚಾಗಿ ಎದುರಿನ ಕಡೆಯಲ್ಲಿ. ಕೇಂದ್ರದ ಗೃಹ ಇಲಾಖೆ ವಿಧಿ ಇರಬೇಕೆಂದು ಪ್ರಮಾಣ ಮಾಡಿದರೆ, ಅದೇ ಸರ್ಕಾರದ ಏಡ್ಸ್ ನಿಯಂತ್ರಣ ಸಂಸ್ಥೆ ೨೦೦೬ರಲ್ಲಿ ಅದರಿಂದ ತನ್ನ ಕೆಲಸಕ್ಕೆ ಅಡ್ಡಿಯಾಗುತ್ತಿದೆಯೆಂದು ಪ್ರಮಾಣ ಮಾಡಿತು. ಅರ್ಜಿದಾರರ ಮಾತುಗಳು ಬೇರೆ ಬೇರೆಯಾಗಿದ್ದರೂ ಒಂದಕ್ಕೊಂದು ವಿರುದ್ಧವಾಗಿರಲಿಲ್ಲ. ಮೀಮಾಂಸಕರು ವಾಕ್ಯಭೇದವನ್ನು ದೋಷವೆಂದು ಎಣಿಸಿದ್ದಾರೆ. ಒಂದೇ ವಾಕ್ಯಕ್ಕೆ ಎರಡು ವಿಧಾಯಕಾರ್ಥಗಳನ್ನು ಹೊರಿಸಬಾರದೆಂಬುದು ಅವರ ಮತ. ಆದರೆ ಸಮುದಾಯವೆಂಬುದು ಒಂದೇ ವಾಕ್ಯವಲ್ಲ. ಅನೇಕ ವಾಕ್ಯಗಳು ಒಂದೇ ಪ್ರಯೋಜನದಲ್ಲಿ ನೆಲೆಗೊಳ್ಳಬಹುದಾದಾಗ, ಎಲ್ಲವನ್ನೂ ಒಂದೇ ವಾಕ್ಯಕ್ಕೆ ತುರುಕುವುದೇ ದೋಷವಾಗುತ್ತದೆ.

ಎರಡನೆಯದು ಹೆಚ್ಚು ಬಲವಾದದ್ದು. ಭಿನ್ನಮತದವರ ಬರವಣಿಗೆಯಲ್ಲಿಯೂ ಮೊದಲನೆಯದರ ಕುಂದು ಇರಲಿಲ್ಲವೆ? ಇತ್ತೆಂದು ಒಪ್ಪಬೇಕಾಗಿದೆ. ಒಕ್ಕೂಟವೂ ದೆಹಲಿಯದೇ, ಅದರ ಕರಡನ್ನು ತಿದ್ದಿದವರೂ ಓದುಬರಹ ಬಲ್ಲವರೇ. ಹೈಕೋರ್ಟು, ಸುಪ್ರೀಂ ಕೋರ್ಟುಗಳ ಭಾಷೆ ಇಂಗ್ಲಿಷಾದುದರಿಂದ, ಬೀದಿಯ ಹಿಜಡಾಳು ತನ್ನ ಮಾತಿನಲ್ಲಿ ಹೇಳಿದ್ದು ಕಾಗದಕ್ಕೆ ಬರುವ ವೇಳೆಗೆ ಹಲವು ಕೈಗಳನ್ನು ದಾಟಿರುತ್ತದೆ. ಸಾಕ್ಷಿಯಾಗಿ ಬಂದವಳಿಗೂ ಸಹಿ ಹಾಕಿದವರಿಗೂ ನಡುವಣ ಅಂತರವು ಎರಡನೆಯ ಬರವಣಿಗೆಯಲ್ಲಿ ಕಡಮೆಯಾಯಿತೇ ಹೊರತು ಅಳಿಯಲಿಲ್ಲ. ೨೦೧೬ರ ಅರ್ಜಿಯೊಂದರಲ್ಲಿ ಸಾಕ್ಷಿಯೂ ಸಹಿಯೂ ಒಬ್ಬರೇ ಆದದ್ದರ ಮಹತ್ವ ಇರುವುದು ಇಲ್ಲಿಯೇ. ಭಿನ್ನಮತವು ಒಮ್ಮೆ ತೀರಿಹೋಗುವ ರೋಗವಲ್ಲ. ಪ್ರತಿಯೊಂದು ಹೊಸ ಬಿನ್ನಹಕ್ಕೂ ಮತ್ತೆ ಬೇಕಾಗುವ ತಿದ್ದುಪಡಿ.

ವಿವಾಹದ ಹಕ್ಕಿನ ಮೊಕದ್ದಮೆಯಲ್ಲಿಯೂ ಹೀಗೆಯೇ ಆಯಿತು. ೨೦೨೩ನೆಯ ಅಕ್ಟೋಬರು ೧೭ರಂದು ಸುಪ್ರೀಂ ಕೋರ್ಟು ತೀರ್ಮಾನಿಸಿದ ಆ ಅರ್ಜಿಗಳಲ್ಲಿ ಕೆಲವರು ವಿಶೇಷ ವಿವಾಹ ಕಾನೂನಿನ ಬಾಗಿಲು ತಮಗೂ ತೆರೆಯಬೇಕೆಂದು ಕೇಳಿದರು. ಇನ್ನು ಕೆಲವರು, ಹುಟ್ಟಿದ ಮನೆಯವರಿಂದಲೇ ಹಿಂಸೆಯನ್ನು ಉಂಡವರಿಗೆ ತಾವು ಆರಿಸಿಕೊಂಡ ಕುಟುಂಬಕ್ಕೆ ಮನ್ನಣೆ ಬೇಕೆಂದು ಕೇಳಿದರು. ಮದುವೆಯೇ ಮೊದಲ ಬೇಡಿಕೆಯಾಗಬೇಕೆ ಎಂದು ಹೊರಗೆ ಚರ್ಚೆಯೂ ನಡೆದಿತ್ತು. ನ್ಯಾಯಸ್ಥಾನವು ಮದುವೆಯಾಗುವ ಮೂಲಭೂತ ಹಕ್ಕಿಲ್ಲವೆಂದು ಹೇಳಿ, ವಿಷಯವನ್ನು ಶಾಸನಸಭೆಗಳಿಗೆ ಬಿಟ್ಟಿತು. ಸೋತ ಈ ಮೊಕದ್ದಮೆಯ ಕಡತದಲ್ಲಿಯೂ ಎರಡು ಬಗೆಯ ಬಿನ್ನಹಗಳು ಪಕ್ಕಪಕ್ಕದಲ್ಲಿವೆ. ಮುಂದೆ ಬರೆಯುವವರಿಗೆ ಅವೆರಡೂ ಬೇಕಾಗುವುವು.

ಬೆಳಗೊಳದ ಶಾಸನವನ್ನು ಬರೆಯಿಸಿದವನು ಅರಸು. ಕೈಗೆ ಕೈ ಕೂಡಿಸಿದವನೂ ಅರಸೇ. ಇಲ್ಲಿ ಕೂಡಿಸುವ ಅರಸನಿರಲಿಲ್ಲ. ಒಬ್ಬರ ಮಾತು ಸಾಲದೆಂದು ಇನ್ನೊಬ್ಬರು ಬರೆದರು, ಅದೂ ಸಾಲದೆಂದು ಮತ್ತೊಬ್ಬರು ಬರೆದರು. ಆದರೂ ಎಲ್ಲರೂ ಒಂದೇ ಮೊಕದ್ದಮೆಯ ಒಂದೇ ಪಕ್ಕದಲ್ಲಿ ನಿಂತರು. ಇವರ ಒಗ್ಗಟ್ಟಿನ ಚರಿತ್ರೆಯನ್ನು ಬರೆಯತಕ್ಕವರು ಗೆಲುವಿನ ದಿನದ ತೀರ್ಪನ್ನು ಮಾತ್ರವಲ್ಲದೆ, ಅದಕ್ಕೆ ಹಿಂದಿನ ಆಕ್ಷೇಪಣೆಗಳನ್ನೂ, ಬೇರೆ ಬೇರೆ ಸಹಿಗಳನ್ನೂ ಒಂದೊಂದಾಗಿ ಓದಬೇಕೆಂದು ನಮ್ಮ ಬಿನ್ನಹ.